‘ನಾನು’ ಬಿಟ್ಟವಳ ಕನ್ನಡಿ

ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ನಡೆಸುವ ಭಜನಾ ಮಂಡಳಿಯಲ್ಲಿ ಒಮ್ಮೆ ಮೂರು ದಿನದ ಪ್ರವಚನ ಏರ್ಪಾಡಾಗಿತ್ತು. ವಿಷಯ ಧ್ಯಾನ ಮತ್ತು ಪ್ರಾರ್ಥನೆ. ಪ್ರವಚನಕಾರರು ಒಳ್ಳೆಯ ಮಾತುಗಾರರು. ಮೂರು ದಿನವೂ ಅವರು ಸುತ್ತಿ ಬಳಸಿ ಬಂದು ನಿಂತದ್ದು ಒಂದೇ ಮಾತಿಗೆ: ‘ನಾನು’ ಎಂಬುದನ್ನು ಬಿಡಿ, ದೇವರು ತಾನಾಗಿ ಸಿಗುತ್ತಾನೆ. ಕೊನೆಯ ದಿನ ಪ್ರಸಾದದ ಪೊಟ್ಟಣ ಹಿಡಿದು ಮನೆಗೆ ಹೊರಟಾಗ ಜೊತೆಗೆ ನಡೆಯುತ್ತಿದ್ದ ಗೆಳತಿ, “ಅಲ್ಲ ಕಣ್ರೀ ಟೀಚರೇ, ಬಿಡೋದಕ್ಕೆ ‘ನಾನು’ ಅಂತ ಒಂದು ಇರಬೇಕಲ್ಲ? ನಂದು ಎಲ್ಲಿದೆ ಹುಡುಕಿಕೊಡಿ, ಆಮೇಲೆ ಬಿಡ್ತೀನಿ” ಎಂದಳು. ಇಬ್ಬರೂ ಜೋರಾಗಿ ನಕ್ಕೆವು.

ನಕ್ಕು ಮುಗಿದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕುವಾಗಲೂ ಅದೇ ಯೋಚನೆ. ನಮ್ಮ ಹೆಣ್ಣುಮಕ್ಕಳಿಗೆ ‘ನಾನು’ ಬಿಡುವ ಪಾಠ ಪ್ರವಚನದಿಂದ ಶುರುವಾಗುವುದಿಲ್ಲ. ಹೋಳಿಗೆಯ ದೊಡ್ಡ ಪಾಲನ್ನು ತಮ್ಮನ ತಟ್ಟೆಗೆ ಹಾಕುವಲ್ಲಿಂದಲೇ ಶುರುವಾಗಿರುತ್ತದೆ. ಮದುವೆಯಾದರೆ ಹೆಸರಿನ ಮುಂದಿನ ಅಕ್ಷರ ಬದಲಾಗುತ್ತದೆ, ಸಾರಿನ ಹುಳಿ ಖಾರ ಬದಲಾಗುತ್ತದೆ, ನಿದ್ದೆಯ ಹೊತ್ತು ಬದಲಾಗುತ್ತದೆ. ಹೀಗೆ ಬಿಡುತ್ತಾ ಬಿಡುತ್ತಾ ಐವತ್ತು ದಾಟಿದವಳ ಮುಂದೆ ನಿಂತು ಇನ್ನೂ ಬಿಡು ಎಂದರೆ ಅವಳು ನಗದೆ ಇನ್ನೇನು ಮಾಡಿಯಾಳು? ಆದರೆ ದೇಶ ಕಾಲಗಳ ಭೇದವಿಲ್ಲದೆ ಸಂತರೆಲ್ಲ ಇದೇ ಮಾತನ್ನು ಹೇಳಿದ್ದಾರೆ. ಅವರೆಲ್ಲರೂ ಸುಳ್ಳು ಹೇಳಿದರೆಂದು ನಾನು ಹೇಗೆ ಹೇಳಲಿ? ಹಾಗಿದ್ದರೆ ಅವರು ಹೇಳಿದ ‘ನಾನು’ ಮತ್ತು ನಾವು ಅಡುಗೆಮನೆಯಲ್ಲಿ ಕಳೆದುಕೊಂಡ ‘ನಾನು’ ಒಂದೇಯೋ, ಬೇರೆಯೋ?

ಇತಿಹಾಸದ ಪಾಠ ಹೇಳಿಕೊಂಡು ಬಂದವಳು ನಾನು. ಇಂಥ ಪ್ರಶ್ನೆ ಎದುರಾದಾಗ, ಇದನ್ನು ಯಾರಾದರೂ ಬದುಕಿ ನೋಡಿದ್ದಾರೆಯೇ ಎಂದು ಹಿಂದಕ್ಕೆ ತಿರುಗಿ ನೋಡುವುದು ನನ್ನ ಅಭ್ಯಾಸ. ಹಾಗೆ ನೋಡಿದಾಗ ನನಗೆ ಎದುರಾದವಳು ನಮ್ಮ ಪಠ್ಯಪುಸ್ತಕಗಳಲ್ಲಿ ಎಲ್ಲಿಯೂ ಬಾರದ ಒಬ್ಬ ಹೆಂಗಸು. ಅವಳ ಹೆಸರು ಮಾರ್ಗರೀತ್ ಪೊರೇಟ್. 1310ರ ಜೂನ್ 1ರಂದು ಪ್ಯಾರಿಸ್ ನಗರದಲ್ಲಿ ಅವಳನ್ನು ಜೀವಂತ ಸುಟ್ಟರು. ಅವಳು ಮಾಡಿದ ಅಪರಾಧ ಒಂದು ಪುಸ್ತಕ ಬರೆದದ್ದು. ಆ ಪುಸ್ತಕದ ವಿಷಯ, ಪ್ರಾರ್ಥನೆಯಲ್ಲಿ ‘ನಾನು’ ಎಂಬುದನ್ನು ಬಿಡುವುದು.

ಮಾರ್ಗರೀತಳ ಊರಾದ ವಾಲೆನ್ಸಿಯೆನ್ ಈಗ ಫ್ರಾನ್ಸಿನ ಉತ್ತರದ ಅಂಚಿನಲ್ಲಿ, ಬೆಲ್ಜಿಯಂ ಗಡಿಗೆ ಸಮೀಪದಲ್ಲಿದೆ. ಆ ಸೀಮೆಯಲ್ಲಿ 1200ರ ಸುಮಾರಿನಿಂದ ‘ಬೆಗೀನ್’ ಎಂದು ಕರೆಸಿಕೊಳ್ಳುವ ಹೆಂಗಸರ ಗುಂಪುಗಳು ಬೆಳೆದಿದ್ದವು. ಆ ಕಾಲದ ಹೆಣ್ಣಿಗೆ ಎರಡೇ ಬಾಗಿಲು, ಒಂದು ಗಂಡನ ಮನೆ, ಇನ್ನೊಂದು ಸನ್ಯಾಸಿನಿಯರ ಮಠ. ಎರಡಕ್ಕೂ ಸಾಮಾನ್ಯವಾಗಿ ವರದಕ್ಷಿಣೆಯಂತೆ ಹಣ ಕೊಡಬೇಕಿತ್ತು. ಬೆಗೀನರು ಮೂರನೆಯ ಬಾಗಿಲು ತೆರೆದುಕೊಂಡರು. ಅವರು ಸನ್ಯಾಸಿನಿಯರಲ್ಲ, ಗೃಹಿಣಿಯರೂ ಅಲ್ಲ. ಜೀವನಪರ್ಯಂತದ ದೀಕ್ಷೆ ತೊಡುತ್ತಿರಲಿಲ್ಲ. ಇದ್ದಷ್ಟು ದಿನ ಬ್ರಹ್ಮಚರ್ಯೆಯಲ್ಲಿದ್ದು, ಬೇಕೆನಿಸಿದರೆ ಹೊರಬಂದು ಮದುವೆಯಾಗಬಹುದಿತ್ತು. ತಮ್ಮ ಆಸ್ತಿ ತಮ್ಮದಾಗಿಯೇ ಇರುತ್ತಿತ್ತು. ನೂಲು ತೆಗೆದು, ಬಟ್ಟೆ ಒಗೆದು, ರೋಗಿಗಳ ಶುಶ್ರೂಷೆ ಮಾಡಿ, ಮಕ್ಕಳಿಗೆ ಅಕ್ಷರ ಕಲಿಸಿ ಹೊಟ್ಟೆ ಹೊರೆಯುತ್ತಿದ್ದರು. ಉಳಿದ ಹೊತ್ತು ಪ್ರಾರ್ಥನೆ. ಅವರು ವಾಸಿಸುತ್ತಿದ್ದ ಚಿಕ್ಕಚಿಕ್ಕ ಮನೆಗಳ ಕೇರಿಗಳು ಬೆಲ್ಜಿಯಂನ ಬ್ರೂಜ್, ಗೆಂಟ್, ಲೂವೆನ್ ಮೊದಲಾದ ಊರುಗಳಲ್ಲಿ ಇಂದಿಗೂ ಇವೆ. ಅಂಥ 13 ಕೇರಿಗಳನ್ನು 1998ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊನೆಯ ಬೆಗೀನ್ ಎನಿಸಿಕೊಂಡ ಅಜ್ಜಿ ತೀರಿಕೊಂಡದ್ದು 2013ರಲ್ಲಿ, ಕೋರ್ಟ್ರೈಕ್ ಎಂಬ ಊರಿನಲ್ಲಿ, 92ನೆಯ ವಯಸ್ಸಿನಲ್ಲಿ. ಎಂಟುನೂರು ವರ್ಷಗಳ ಒಂದು ಸಾಲು ಅಲ್ಲಿಗೆ ಮುಗಿಯಿತು.

ಈ ಹೆಂಗಸರನ್ನು ಚರ್ಚಿನ ಹಿರಿಯರು ಒಂದು ಕಣ್ಣಿನಲ್ಲಿ ಮೆಚ್ಚಿದರೆ ಇನ್ನೊಂದು ಕಣ್ಣಿನಲ್ಲಿ ಶಂಕಿಸುತ್ತಿದ್ದರು. ಭಕ್ತಿ ಇದೆ, ಸೇವೆ ಇದೆ, ಸರಿ. ಆದರೆ ಇವರಿಗೆ ಯಜಮಾನ ಯಾರು? ಗಂಡನೂ ಇಲ್ಲ, ಮಠಾಧಿಪತಿಯೂ ಇಲ್ಲ. ಸಾಲದ್ದಕ್ಕೆ ಪಂಡಿತರ ಭಾಷೆಯಾದ ಲ್ಯಾಟಿನ್ ಬಿಟ್ಟು ಮನೆಮಾತಿನಲ್ಲಿ ದೇವರ ವಿಷಯ ಚರ್ಚಿಸುತ್ತಾರೆ! ನ್ಯಾಯಾಲಯದ ದಾಖಲೆಗಳು ಮಾರ್ಗರೀತಳನ್ನು ಬೆಗೀನ್ ಎಂದೇ ಕರೆಯುತ್ತವೆ. ಅವಳು ಪುಸ್ತಕ ಬರೆದದ್ದೂ ಆಡುಮಾತಾದ ಫ್ರೆಂಚಿನಲ್ಲಿ. ಒಬ್ಬರು ಓದಿ ಹಲವರು ಕೇಳಲೆಂದು ಬರೆದದ್ದು. ಕೇಳುಗರನ್ನೇ ಉದ್ದೇಶಿಸಿದ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ.

ಪುಸ್ತಕದ ಹೆಸರು ‘ಸರಳ ಆತ್ಮಗಳ ಕನ್ನಡಿ’. ಅದೊಂದು ನಾಟಕದ ಹಾಗಿದೆ. ಮುಖ್ಯ ಪಾತ್ರಗಳು ಮೂರು, ಪ್ರೇಮ, ಬುದ್ಧಿ ಮತ್ತು ಆತ್ಮ. ಮೂವರೂ ಹೆಂಗಸರೇ. ಪ್ರೇಮ ಹೇಳುವ ಮಾತು ಬುದ್ಧಿಗೆ ಅರ್ಥವಾಗುವುದಿಲ್ಲ. ಅದು ಹೇಗೆ, ಇದು ಯಾಕೆ ಎಂದು ಅವಳು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾ ಹೋಗುತ್ತಾಳೆ. ಕಡೆಗೊಂದು ಕಡೆ, ಕೇಳಿದ್ದನ್ನು ತಾಳಲಾರದೆ ಬುದ್ಧಿ ಸತ್ತೇ ಹೋಗುತ್ತಾಳೆ! ಮೊದಲಿಗೇ ಒಂದು ಕಥೆ ಬರುತ್ತದೆ. ದೂರದೇಶದ ರಾಜಕುಮಾರಿಯೊಬ್ಬಳು ಅಲೆಗ್ಸಾಂಡರ್ ಮಹಾರಾಜನ ಔದಾರ್ಯದ ಸುದ್ದಿ ಕೇಳಿ ಅವನನ್ನು ಒಲಿದಳು. ಅವನನ್ನು ನೋಡುವ ದಾರಿ ಕಾಣದೆ ಅವನ ಚಿತ್ರವೊಂದನ್ನು ಬರೆಸಿ ಇಟ್ಟುಕೊಂಡು ಸಮಾಧಾನಪಟ್ಟಳು. ನನ್ನ ಪುಸ್ತಕವೂ ಅಂಥ ಚಿತ್ರವೇ ಎನ್ನುವುದು ಮಾರ್ಗರೀತಳ ಭಾವ. ತನ್ನ ದೇವರನ್ನು ಅವಳು ‘ದೂರವೂ ಹತ್ತಿರವೂ ಆದವನು’ ಎಂಬರ್ಥದ ಒಂದು ಹೆಸರಿನಿಂದ ಕರೆಯುತ್ತಾಳೆ. ಚೆನ್ನಮಲ್ಲಿಕಾರ್ಜುನನನ್ನು ಹುಡುಕಿ ಹೊರಟ ಅಕ್ಕಮಹಾದೇವಿಯನ್ನು ಬಲ್ಲ ನಮಗೆ ಈ ಬಗೆಯ ಒಲವು ತೀರ ಹೊಸದೇನಲ್ಲ.

ಆತ್ಮ ದೇವರೆಡೆಗೆ ಹೋಗುವ ದಾರಿಯಲ್ಲಿ ಏಳು ಹಂತಗಳಿವೆ ಎಂದು ಅವಳು ಹೇಳುತ್ತಾಳೆ. ನಮ್ಮ ಶರಣರ ಷಟ್‌ಸ್ಥಲವನ್ನು ಕೇಳಿದವರಿಗೆ ಹಂತಗಳ ಕಲ್ಪನೆ ಸುಲಭವಾಗಿ ಹಿಡಿಯುತ್ತದೆ, ಆದರೆ ಎರಡೂ ಒಂದೇ ಎಂದುಕೊಳ್ಳಬಾರದು. ಮೊದಲ ಹಂತದಲ್ಲಿ ದೇವರ ಕಟ್ಟಳೆಗಳನ್ನು ಪಾಲಿಸುವುದು. ಎರಡನೆಯದರಲ್ಲಿ ಕಟ್ಟಳೆಗಿಂತ ಮುಂದೆ ಹೋಗಿ ಯೇಸುವಿನ ನಡೆಯನ್ನು ಅನುಸರಿಸುವುದು. ಮೂರನೆಯ ಹಂತಕ್ಕೆ ಬಂದ ಆತ್ಮಕ್ಕೆ ಸತ್ಕಾರ್ಯಗಳ ಮೇಲೆ ಪ್ರೀತಿ ಹುಟ್ಟುತ್ತದೆ. ಇಲ್ಲಿಯೇ ಮಾರ್ಗರೀತ್ ನಮ್ಮನ್ನು ತಡೆದು ನಿಲ್ಲಿಸುತ್ತಾಳೆ. ನಿನಗೆ ಅಷ್ಟು ಪ್ರಿಯವಾದ ಆ ಸತ್ಕಾರ್ಯದ ಮೋಹವನ್ನೇ ಈಗ ಬಿಡು ಎನ್ನುತ್ತಾಳೆ! ನಾಲ್ಕನೆಯದು ಧ್ಯಾನದ ಸವಿ. ಕಣ್ಣುಮುಚ್ಚಿ ಕುಳಿತರೆ ಆನಂದ, ಅಮಲು. ಇದಕ್ಕಿಂತ ಮೇಲೆ ಇನ್ನೇನೂ ಇಲ್ಲ ಎನಿಸುತ್ತದೆ. ಹಾಗೆ ಅನಿಸುವುದೇ ಮೋಸ ಎಂದು ಅವಳು ಎಚ್ಚರಿಸುತ್ತಾಳೆ. ಐದನೆಯದರಲ್ಲಿ ಆತ್ಮ, ದೇವರು ಎಷ್ಟು, ತಾನು ಎಷ್ಟು ಎಂಬುದನ್ನು ಕಂಡು ತನ್ನ ಇಚ್ಛೆಯನ್ನು ಅವನಿಗೆ ಹಿಂದಿರುಗಿಸುತ್ತದೆ. ಆರನೆಯದು ಮಿಂಚಿನಂತೆ ಬಂದು ಹೋಗುವ ಸ್ಥಿತಿ, ಅಲ್ಲಿ ಆತ್ಮ ತನ್ನನ್ನು ತಾನು ನೋಡಿಕೊಳ್ಳುವುದೇ ಇಲ್ಲ. ಏಳನೆಯದು ಸತ್ತ ಮೇಲಿನದು, ಅದರ ಬಗ್ಗೆ ಈಗ ಹೇಳುವುದಕ್ಕೆ ಏನೂ ಇಲ್ಲ.

ಸತ್ಕಾರ್ಯದಲ್ಲಿಯೇ ಸಿಕ್ಕಿಬಿದ್ದವರನ್ನು ಮಾರ್ಗರೀತ್ ಗೂಬೆಗೆ ಹೋಲಿಸುತ್ತಾಳೆ. ತನ್ನ ಮರಿಗಿಂತ ಚೆಂದದ ಹಕ್ಕಿ ಈ ಕಾಡಿನಲ್ಲಿಯೇ ಇಲ್ಲವೆಂದು ಗೂಬೆ ತಿಳಿದಿರುತ್ತದಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ನಮ್ಮ ಗಾದೆ ನೆನಪಾಗಿ ನನಗೆ ನಗು ಬಂತು. ನಗುವಿನ ಹಿಂದೆಯೇ ಸಣ್ಣಗೆ ನಾಚಿಕೆಯೂ ಆಯಿತು. ವರ್ಷಗಟ್ಟಲೆ ಪಾಠ ಹೇಳಿ, ಬಿಡುವಿನ ಹೊತ್ತಿನಲ್ಲಿಯೂ ಹಿಂದುಳಿದ ಮಕ್ಕಳನ್ನು ಕೂರಿಸಿಕೊಂಡು ಕಲಿಸಿ, “ಟೀಚರ್ ಅಂದರೆ ಇವರು” ಎಂದು ಯಾರಾದರೂ ಹೇಳಲಿ ಎಂದು ಕಿವಿ ನೆಟ್ಟಗೆ ಮಾಡಿಕೊಂಡು ಕಾದದ್ದಿಲ್ಲವೇ ನಾನು? ನಮ್ಮ ಒಳ್ಳೆಯತನದ ಮರಿಯನ್ನು ರೆಕ್ಕೆಯಡಿ ಇಟ್ಟುಕೊಂಡು ಕೂತ ಗೂಬೆಗಳು ನಾವೆಲ್ಲ.

ಪುಸ್ತಕದಲ್ಲಿ ಪಂಡಿತರನ್ನು ಕೆರಳಿಸಿದ ಮಾತು ಇನ್ನೊಂದು. ಹೀಗೆ ಲಯವಾದ ಆತ್ಮ ಸದ್ಗುಣಗಳಿಗೆ ವಿದಾಯ ಹೇಳುತ್ತದೆ ಎಂದು ಅವಳು ಬರೆದಳು. ಕೇಳಿದೊಡನೆ ಎದೆ ಧಸಕ್ಕೆನ್ನುವ ಮಾತು. ಸದ್ಗುಣ ಬಿಟ್ಟರೆ ಉಳಿಯುವುದು ದುರ್ಗುಣವಲ್ಲವೇ? ಆದರೆ ಅವಳು ಅಲ್ಲಿಗೇ ನಿಲ್ಲಿಸಿರಲಿಲ್ಲ. ಗುಣಗಳು ಆ ಆತ್ಮದ ಜೊತೆಯಲ್ಲಿಯೇ ಇರುತ್ತವೆ, ಆದರೆ ಆತ್ಮ ಅವುಗಳ ಆಳಾಗಿ ಉಳಿಯುವುದಿಲ್ಲ ಎಂದೂ ಬಿಡಿಸಿ ಹೇಳಿದ್ದಳು. ಇದು ನನಗೆ ಅರ್ಥವಾದದ್ದು ಕಾಪಿ ಪುಸ್ತಕದಿಂದ. ಅಕ್ಷರ ಕಲಿಯುವ ಮಗುವಿಗೆ ಗೆರೆಗಳು ಬೇಕು. ಮೇಲೆ ಹೋಗಬಾರದು, ಕೆಳಗೆ ಇಳಿಯಬಾರದು. ಕೈ ಕುದುರಿದ ಮೇಲೆ ಬಿಳಿಯ ಹಾಳೆ ಕೊಟ್ಟರೂ ಸಾಲು ನೆಟ್ಟಗೇ ಬರುತ್ತದೆ. ಗೆರೆ ಬಿಟ್ಟಳೆಂದು ಆ ಹುಡುಗಿಯನ್ನು ಯಾರೂ ದೂರುವುದಿಲ್ಲ. ಅಂಥ ಆತ್ಮ ದೇಹಪ್ರಕೃತಿ ಕೇಳಿದ್ದನ್ನು ಅಳುಕಿಲ್ಲದೆ ಕೊಡುತ್ತದೆ ಎಂದೂ ಮಾರ್ಗರೀತ್ ಬರೆದಿದ್ದಳು. ಆದರೆ ಆ ಪ್ರಕೃತಿ ಎಷ್ಟು ಹದಗೊಂಡಿರುತ್ತದೆಯೆಂದರೆ ಮಾಡಬಾರದ್ದನ್ನು ಅದು ಕೇಳುವುದೇ ಇಲ್ಲ ಎಂದು ಜೊತೆಯಲ್ಲಿಯೇ ಸೇರಿಸಿದ್ದಳು. ಮುಂದೆ ಅವಳ ಮೇಲೆ ಆರೋಪ ಹೊರಿಸಿದವರು ಮೊದಲ ಅರ್ಧವನ್ನು ಎತ್ತಿಕೊಂಡರು, ಎರಡನೆಯ ಅರ್ಧವನ್ನು ಕೈಬಿಟ್ಟರು. ಹೆಂಗಸರ ಮಾತನ್ನು ಅರ್ಧಕ್ಕೆ ಕತ್ತರಿಸಿ ಅರ್ಥ ಹಚ್ಚುವ ಪದ್ಧತಿ ಇಂದು ನಿನ್ನೆಯದಲ್ಲ.

ಆ ಪ್ರಾಂತ್ಯದ ಧರ್ಮಾಧಿಕಾರಿಯಾದ ಕಾಂಬ್ರೇಯ ಬಿಷಪ್ ಪುಸ್ತಕವನ್ನು ಖಂಡಿಸಿ, ವಾಲೆನ್ಸಿಯೆನ್ ಊರಿನಲ್ಲಿ ಅವಳ ಕಣ್ಣೆದುರಿಗೇ ಸುಡಿಸಿದ. 1306ರಲ್ಲಿ ಅವನ ಅಧಿಕಾರ ಮುಗಿಯುವುದಕ್ಕೆ ಮುಂಚೆ ನಡೆದದ್ದು ಇದು. ಇನ್ನು ಮುಂದೆ ಈ ಮಾತುಗಳನ್ನು ಹರಡಿದರೆ ಕಠಿಣ ಶಿಕ್ಷೆ ಎಂದೂ ಎಚ್ಚರಿಸಲಾಯಿತು. ಮಾರ್ಗರೀತ್ ಸುಮ್ಮನಾಗಲಿಲ್ಲ. ಮತ್ತೊಂದು ಪ್ರತಿಯನ್ನು ಶಾಲೋನ್ ಎಂಬಲ್ಲಿಯ ಬಿಷಪ್ಪನಿಗೇ ಕಳಿಸಿದಳು, ಸಾಮಾನ್ಯ ಜನರಿಗೂ ಕೊಟ್ಟಳು. ಮೂವರು ಧರ್ಮಜ್ಞರು ಪುಸ್ತಕವನ್ನು ಮೆಚ್ಚಿದ್ದ ಸಂಗತಿಯೂ ಅದರ ಕೆಲವು ಪ್ರತಿಗಳಲ್ಲಿದೆ. ಅವರಲ್ಲೊಬ್ಬ ಪ್ಯಾರಿಸ್ ವಿಶ್ವವಿದ್ಯಾಲಯದ ಹೆಸರಾಂತ ಪಂಡಿತ, ಗಾಡ್‌ಫ್ರೀ. ಪುಸ್ತಕದಲ್ಲಿ ತಪ್ಪಿದೆ ಎಂದು ಅವನು ಹೇಳಲಿಲ್ಲ. ಎಲ್ಲರ ಕೈಗೂ ಕೊಡಬೇಡಿ, ಇಷ್ಟು ಎತ್ತರದ ಮಾತನ್ನು ಅರಗಿಸಿಕೊಳ್ಳಬಲ್ಲವರು ಕಡಿಮೆ, ಉಳಿದವರು ದಾರಿ ತಪ್ಪಿಯಾರು ಎಂದ. ತಿಳಿದವನ ಮಾತು ಅದು.

1308ರ ಹೊತ್ತಿಗೆ ಅವಳನ್ನು ಹಿಡಿದು ಪ್ಯಾರಿಸ್ಸಿಗೆ ತಂದರು. ವಿಚಾರಣೆಗೆ ಕುಳಿತವನು ಡೊಮಿನಿಕನ್ ಪಂಗಡದ ವಿಲಿಯಂ. ಇವನು ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ಪನ ಪಾಪನಿವೇದನೆ ಕೇಳುವ ಗುರುವೂ ಹೌದು, ಮತದ್ರೋಹಿಗಳನ್ನು ಪತ್ತೆ ಮಾಡುವ ‘ಇನ್‌ಕ್ವಿಸಿಷನ್’ ನ್ಯಾಯಾಲಯದ ಅಧಿಕಾರಿಯೂ ಹೌದು. ಆ ಕಾಲ ಎಂಥದೆಂದು ತಿಳಿಯಬೇಕಾದರೆ ಒಂದು ಸಂಗತಿ ಸಾಕು. ಇದೇ ದೊರೆ 1307ರ ಅಕ್ಟೋಬರಿನಲ್ಲಿ ಟೆಂಪ್ಲರ್ ಎಂಬ ಶ್ರೀಮಂತ ಯೋಧಸನ್ಯಾಸಿಗಳನ್ನು ಒಂದೇ ದಿನ ದೇಶದ ತುಂಬ ಬಂಧಿಸಿದ್ದ. ಆ ವಿಚಾರಣೆಯಲ್ಲಿಯೂ ವಿಲಿಯಂ ಇದ್ದ. 1310ರ ಮೇ 12ರಂದು ಅವರಲ್ಲಿ 54 ಜನರನ್ನು ಪ್ಯಾರಿಸ್ಸಿನಲ್ಲಿ ಸುಟ್ಟರು. ಬೆಂಕಿಗೆ ಅಭ್ಯಾಸವಾಗಿದ್ದ ಊರು ಅದು.

ವಿಚಾರಣೆಯ ಕ್ರಮ ಹೀಗಿತ್ತು. ಮೊದಲು ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಬೇಕು, ಆಮೇಲೆ ಕೇಳಿದ್ದಕ್ಕೆ ಉತ್ತರಿಸಬೇಕು. ಮಾರ್ಗರೀತ್ ಪ್ರಮಾಣವನ್ನೇ ಮಾಡಲಿಲ್ಲ. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ, ಸುಮಾರು ಒಂದೂವರೆ ವರ್ಷ ಸೆರೆಯಲ್ಲಿದ್ದು ಒಂದು ಪ್ರಶ್ನೆಗೂ ಬಾಯಿ ಬಿಡಲಿಲ್ಲ. ಕ್ಷಮೆ ಬೇಡಿದರೆ ಜೀವ ಉಳಿಸಿಕೊಳ್ಳುವ ದಾರಿಗಳಿದ್ದವು. ಅವಳ ಪರವಾಗಿ ಮಾತಾಡಲು ಗೀಯಾರ್ ಎಂಬ ಒಬ್ಬ ಗಂಡಸು ಬಂದ. ಅವನನ್ನೂ ಹಿಡಿದು ಒಳಗೆ ಹಾಕಿದರು. ಅವನೂ ಬಹಳ ಕಾಲ ಗಟ್ಟಿಯಾಗಿಯೇ ಇದ್ದ. ಸುಡುತ್ತೇವೆ ಎಂದಾಗ ಬಾಯಿಬಿಟ್ಟ. ಅವನಿಗೆ ಜೀವಾವಧಿ ಸೆರೆಮನೆಯಾಯಿತು. ಅವನನ್ನು ಹಳಿಯುವ ಮನಸ್ಸು ನನಗಿಲ್ಲ, ಬೆಂಕಿಯ ಎದುರು ನಾನಾಗಿದ್ದರೆ ಮೊದಲ ದಿನವೇ ಮಾತಾಡುತ್ತಿದ್ದೆ.

ಪುಸ್ತಕದಿಂದ ಕೆಲವು ಮಾತುಗಳನ್ನು ಮಾತ್ರ ಕಿತ್ತು ತೆಗೆದು ವಿಶ್ವವಿದ್ಯಾಲಯದ 21 ಪಂಡಿತರ ಮುಂದಿಟ್ಟರು. ಇವು ಮತವಿರೋಧಿ ಮಾತುಗಳು ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು. 1310ರ ಮೇ 31ರಂದು, ಸೇನ್ ನದಿಯ ದಡದ ಗ್ರೇವ್ ಚೌಕದಲ್ಲಿ ತೀರ್ಪು ಓದಿದರು. ಒಮ್ಮೆ ಎಚ್ಚರಿಕೆ ಪಡೆದೂ ಮತ್ತೆ ತಪ್ಪಿದವಳು ಎಂದು ಅವಳನ್ನು ರಾಜನ ಅಧಿಕಾರಿಗಳಿಗೆ ಒಪ್ಪಿಸಿದರು. ಪುಸ್ತಕದ ಪ್ರತಿ ಇಟ್ಟುಕೊಂಡವರೆಲ್ಲ ಗೊತ್ತುಮಾಡಿದ ದಿನದೊಳಗೆ ತಂದೊಪ್ಪಿಸಬೇಕೆಂದೂ ಸಾರಿದರು. ಮರುದಿನ ಅದೇ ಚೌಕದಲ್ಲಿ ಸುಟ್ಟರು. ಅವಳ ಬಗ್ಗೆ ಕನಿಕರವಿಲ್ಲದೆ ಬರೆದ ಆ ಕಾಲದ ಚರಿತ್ರೆಕಾರನೊಬ್ಬ ಕೂಡ, ಸಾಯುವ ಹೊತ್ತಿನಲ್ಲಿ ಅವಳು ನಡೆದುಕೊಂಡ ಗಂಭೀರ ಭಕ್ತಿಯನ್ನು ಕಂಡು ನೆರೆದವರಲ್ಲಿ ಬಹಳ ಜನ ಕಣ್ಣೀರಿಟ್ಟರೆಂದು ಒಪ್ಪಿಕೊಂಡಿದ್ದಾನೆ. ಆ ಚೌಕ ಇವತ್ತು ಪ್ಯಾರಿಸ್ ನಗರಸಭೆಯ ಕಟ್ಟಡದ ಮುಂದಿನ ಬಯಲು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ವಿಯೆನ್ ನಗರದಲ್ಲಿ 1311–12ರಲ್ಲಿ ನಡೆದ ಚರ್ಚಿನ ಮಹಾಸಭೆ ಬೆಗೀನರನ್ನು ಖಂಡಿಸುವ ನಿರ್ಣಯ ಮಾಡಿತು. ಆದರೆ 1311ರಲ್ಲಿ ಪ್ಯಾರಿಸ್ಸಿಗೆ ಪಾಠ ಹೇಳಲು ಬಂದ ಜರ್ಮನಿಯ ಮಹಾಗುರು ಎಕ್‌ಹಾರ್ಟ್, ಏನೂ ಬಯಸದ, ಏನೂ ಅರಿಯದ, ಏನೂ ಇಟ್ಟುಕೊಳ್ಳದ ಬಡತನವೇ ನಿಜವಾದ ಬಡತನ ಎಂದು ಬೋಧಿಸಿದ. ಅವನ ಮಾತುಗಳಿಗೂ ಮಾರ್ಗರೀತಳ ಮಾತುಗಳಿಗೂ ಇರುವ ಹೋಲಿಕೆಯನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಅವನು ತೀರಿಕೊಂಡ ಮೇಲೆ, 1329ರಲ್ಲಿ, ಪೋಪ್ ಅವನವೆಂದು ಹೇಳಲಾದ 28 ಮಾತುಗಳನ್ನು ಹೆಸರಿಸಿ ಆಜ್ಞೆ ಹೊರಡಿಸಿದ.

ಇತ್ತ ‘ಕನ್ನಡಿ’ಯ ಎಲ್ಲ ಪ್ರತಿಗಳೂ ಬೆಂಕಿಗೆ ಸಿಕ್ಕಿರಲಿಲ್ಲ. ಯಾರೋ ಬಚ್ಚಿಟ್ಟರು, ಯಾರೋ ನಕಲು ಮಾಡಿದರು. ಲ್ಯಾಟಿನ್, ಇಂಗ್ಲಿಷ್, ಇಟಾಲಿಯನ್ ಭಾಷೆಗಳಿಗೆ ಅನುವಾದವಾಯಿತು. ಮಠಗಳಲ್ಲಿ ಸನ್ಯಾಸಿಗಳು ಅದನ್ನು ಪವಿತ್ರಗ್ರಂಥದಂತೆ ಓದಿದರು. ಬರೆದವಳ ಹೆಸರು ಮಾತ್ರ ಅಳಿಸಿಹೋಗಿತ್ತು. ಇಟಲಿಯಲ್ಲಿ ಹಂಗೆರಿಯ ರಾಜಕುಮಾರಿ ಮಾರ್ಗರೆಟ್ ಬರೆದದ್ದೆಂದರು. ಇಂಗ್ಲೆಂಡಿನ ರಿಚರ್ಡ್ ಮೆಥ್ಲಿ ಎಂಬ ಸನ್ಯಾಸಿ 1491ರಲ್ಲಿ ಅದನ್ನು ಲ್ಯಾಟಿನ್ನಿಗೆ ತಂದಾಗ ರೂಸ್‌ಬ್ರೂಕ್ ಎಂಬ ಪ್ರಸಿದ್ಧ ಅನುಭಾವಿಯ ಕೃತಿಯೆಂದು ನಂಬಿದ್ದ. ಇಷ್ಟು ಆಳವಾದ ಪುಸ್ತಕವನ್ನು ಬರೆದವನು ಗಂಡಸೇ ಇರಬೇಕಲ್ಲವೇ! 1927ರಲ್ಲಿ ಹಳೆಯ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು, ಅದೂ ಚರ್ಚಿನ ಒಪ್ಪಿಗೆಯೊಂದಿಗೆ. ಸುಡಿಸಿದ ಚರ್ಚೇ ಓದಿ ಪುಣ್ಯ ಪಡೆಯಿರಿ ಎಂದಿತು, ಯಾರ ಪುಸ್ತಕವೆಂದು ಅದಕ್ಕೆ ತಿಳಿದಿರಲಿಲ್ಲ.

1946ರ ಜೂನ್ 16ರಂದು ವ್ಯಾಟಿಕನ್ನಿನ ಪತ್ರಿಕೆಯೊಂದರಲ್ಲಿ ರೊಮಾನಾ ಗ್ವಾರ್ನಿಯೇರಿ ಎಂಬ ವಿದುಷಿ ಲೇಖನ ಬರೆದು, ‘ಕನ್ನಡಿ’ಯ ಕರ್ತೃ ಮಾರ್ಗರೀತ್ ಪೊರೇಟ್ ಎಂದು ಪ್ರಕಟಿಸಿದರು. ಅವರಿಗೆ ಆಧಾರವಾಗಿ ಒದಗಿದ್ದು ಏನೆಂದು ಊಹಿಸುತ್ತೀರಿ? ಅದೇ ವಿಚಾರಣೆಯ ಕಡತ. ಆರೋಪವೆಂದು ಅಂದು ಕಿತ್ತು ಬರೆದಿಟ್ಟಿದ್ದ ವಾಕ್ಯಗಳು ಅನಾಮಧೇಯ ಪುಸ್ತಕದ ವಾಕ್ಯಗಳಿಗೆ ಸರಿಹೊಂದಿದವು. ಅವಳನ್ನು ಸುಡಿಸಿದ ಕಾಗದಗಳೇ 636 ವರ್ಷಗಳ ನಂತರ ಅವಳ ಹೆಸರನ್ನು ಮರಳಿಸಿದವು. ನಮ್ಮ ವಚನಕಾರ್ತಿಯರು ತಮ್ಮ ವಚನದ ಕೊನೆಗೆ ಸ್ವಂತ ಹೆಸರನ್ನಿಡದೆ ಇಷ್ಟದೈವದ ಅಂಕಿತವನ್ನಿಟ್ಟರು. ಆದರೂ ಯಾವ ಅಂಕಿತ ಯಾರದೆಂದು ಪರಂಪರೆ ನೆನಪಿಟ್ಟುಕೊಂಡಿತು. ಮಾರ್ಗರೀತಳಿಗೆ ಆ ಭಾಗ್ಯವೂ ಇರಲಿಲ್ಲ.

ಈಗ ನನ್ನ ಗೆಳತಿಯ ಪ್ರಶ್ನೆಗೆ ಬರುತ್ತೇನೆ. ಏನನ್ನೂ ಬಯಸದ ಸ್ಥಿತಿಯನ್ನು ಬೋಧಿಸಿದವಳು ಪುಸ್ತಕಕ್ಕಾಗಿ ಇಷ್ಟು ಹಠ ಹಿಡಿದದ್ದು ಹೇಗೆ? ‘ನಾನು’ ಬಿಟ್ಟವಳು ಬಿಷಪ್ಪನ ಮಾತಿಗೆ ತಲೆಬಾಗಬೇಕಿತ್ತಲ್ಲವೇ? ಮೊದಮೊದಲು ನನಗೂ ಇದು ವಿರೋಧವಾಗಿಯೇ ಕಂಡಿತ್ತು. ಮತ್ತೆ ಮತ್ತೆ ಯೋಚಿಸಿದ ಮೇಲೆ, ‘ಬಿಡುವುದು’ ಎಂಬ ಮಾತನ್ನು ನಾನು ನಮ್ಮ ಮನೆಯ ಅರ್ಥದಲ್ಲಿ ತಿಳಿದದ್ದೇ ತಪ್ಪು ಎನಿಸಿತು. ನಮ್ಮಲ್ಲಿ ಹೆಣ್ಣು ತನ್ನನ್ನು ಬಿಡುವುದೆಂದರೆ ಇನ್ನೊಬ್ಬರ ಇಷ್ಟಕ್ಕೆ ಬಗ್ಗುವುದು. ಹಾಗೆ ಬಗ್ಗಿದಾಗ ನಿಜವಾಗಿ ‘ನಾನು’ ಹೋಗಿರುತ್ತದೆಯೇ? ಹೋಳಿಗೆ ಹೋಗಿರುತ್ತದೆ ಅಷ್ಟೆ. ಒಳ್ಳೆಯ ಹುಡುಗಿ ಎನ್ನಲಿ ಎಂಬ ಆಸೆ, ಜನ ಏನಂದಾರೋ ಎಂಬ ಹೆದರಿಕೆ, ಇಷ್ಟೆಲ್ಲ ಮಾಡಿದೆನಲ್ಲ ಎಂಬ ಲೆಕ್ಕ, ಎಲ್ಲವೂ ಒಳಗೆ ಭದ್ರವಾಗಿರುತ್ತವೆ. ಮಾರ್ಗರೀತ್ ಬಿಡು ಎಂದದ್ದು ಇವುಗಳನ್ನು. ಸ್ವರ್ಗದ ಆಸೆಯನ್ನೂ ನರಕದ ಹೆದರಿಕೆಯನ್ನೂ ಬಿಟ್ಟವಳನ್ನು ಯಾವ ಬಹುಮಾನ ತೋರಿಸಿ, ಯಾವ ದಂಡ ತೋರಿಸಿ ಬಗ್ಗಿಸುತ್ತೀರಿ? ನ್ಯಾಯಾಧಿಕಾರಿಗೆ ಹಿಡಿದುಕೊಳ್ಳಲು ಅವಳಲ್ಲಿ ಹಿಡಿಯೇ ಸಿಗಲಿಲ್ಲ.

ಇನ್ನೂ ಒಂದು ಮಾತಿದೆ, ಅದೇ ಮುಖ್ಯವಾದದ್ದು. ಐದನೆಯ ಹಂತದಲ್ಲಿ ಆತ್ಮ ತನ್ನ ಇಚ್ಛೆಯನ್ನು ದೇವರಿಗೆ ಹಿಂದಿರುಗಿಸುತ್ತದೆ ಎಂದೆನಲ್ಲ, ಆ ಇಚ್ಛೆ ಎಲ್ಲಿಂದ ಬಂತು? ದೇವರೇ ಅದನ್ನು ಸ್ವತಂತ್ರವಾಗಿ ಕೊಟ್ಟಿದ್ದ ಎನ್ನುತ್ತಾಳೆ ಅವಳು. ಕೊಟ್ಟವನಿಗೇ, ಮನಸಾರೆ, ಯಾರ ಬಲವಂತವೂ ಇಲ್ಲದೆ ಮರಳಿಸುವುದು. ಹಾಗೆಂದರೆ ಮರಳಿಸುವುದಕ್ಕೆ ಅದು ಮೊದಲು ನಮ್ಮ ಕೈಯಲ್ಲಿರಬೇಕು. ಕೊಡುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. ದೇವರಿಗೆ ಕೊಡಬೇಕಾದದ್ದನ್ನು ನಡುವೆ ಅತ್ತೆಯೋ ಗಂಡನೋ ಮಕ್ಕಳೋ ಊರೋ ಕಿತ್ತುಕೊಂಡಿದ್ದರೆ ಕೊಡುವುದೇನನ್ನು? ಪ್ರವಚನದಿಂದ ಬರುತ್ತಾ ನನ್ನ ಗೆಳತಿ ತಮಾಷೆಗೆಂದು ಆಡಿದ ಮಾತು ತಮಾಷೆಯಾಗಿರಲಿಲ್ಲ. ಬಿಡುವುದಕ್ಕೆ ‘ನಾನು’ ಅಂತ ಒಂದು ಇರಬೇಕು ಎಂಬುದನ್ನು ಮಾರ್ಗರೀತಳೂ ಒಪ್ಪುತ್ತಿದ್ದಳು.

ಅವಳ ಸಾವನ್ನು ಹೊಗಳುವುದಕ್ಕೆ ನಾನಿದನ್ನು ಬರೆಯುತ್ತಿಲ್ಲ. ಸುಡಿಸಿಕೊಳ್ಳುವುದು ಭಕ್ತಿಯ ಅಳತೆಗೋಲೂ ಅಲ್ಲ. ಅವಳು ಹೇಳಿದ ಆರನೆಯ ಹಂತವೂ ನನಗೆ ಎಟುಕುವಂಥದಲ್ಲ. ದೀಪದ ಮುಂದೆ ಕಣ್ಣುಮುಚ್ಚಿ ಕುಳಿತರೆ ಎರಡನೆಯ ನಿಮಿಷಕ್ಕೆ ಗ್ಯಾಸ್ ಮುಗಿಯುವ ದಿನ ನೆನಪಾಗುತ್ತದೆ. ಆದರೂ ಅವಳಿಂದ ಒಂದನ್ನು ಕಲಿತೆ. ಯಾರಾದರೂ ನಮಗೆ ‘ನಾನು’ ಬಿಡು ಎಂದಾಗ, ಯಾರಿಗಾಗಿ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಈ ಕಥೆಯನ್ನೆಲ್ಲ ಗೆಳತಿಗೆ ಹೇಳಿದೆ. ಹುರುಳಿಕಾಯಿ ಬಿಡಿಸುತ್ತಾ ಕೇಳಿದಳು. ಸುಟ್ಟ ಭಾಗ ಬಂದಾಗ ಕೈ ನಿಂತಿತು. ಕೊನೆಗೆ, “ಪಾಪ, ಒಂದೂವರೆ ವರ್ಷ ಮಾತಾಡಲಿಲ್ಲವೇ?” ಎಂದಳು, ಬೇರೇನೂ ಹೇಳಲಿಲ್ಲ. ಕೆಲವು ದಿನ ಕಳೆದು ಬೆಳಿಗ್ಗೆ ಅವಳ ಮನೆಗೆ ಹೋಗಿದ್ದೆ. ದೇವರ ಕೋಣೆಯಲ್ಲಿ ಕುಳಿತಿದ್ದಳು. ಒಳಗಿನಿಂದ ಮಗ ಟವೆಲ್ ಎಲ್ಲಿ ಎಂದು ಕೂಗಿದ. ಹಿಂದೆಲ್ಲ ಮಂತ್ರದ ನಡುವೆಯೇ ಎದ್ದು ಹೋಗುತ್ತಿದ್ದವಳು ಕಣ್ಣು ತೆರೆಯದೆ, “ಹತ್ತು ನಿಮಿಷ ತಡಿ” ಎಂದಳು. ಮಗ ತಾನೇ ಹುಡುಕಿಕೊಂಡ. ನಾನು ಚಪ್ಪಲಿ ಬಿಟ್ಟು ಸದ್ದಿಲ್ಲದೆ ಜಗುಲಿಯಲ್ಲಿ ಕುಳಿತೆ.